ಹೆಬ್ಬಾತುಗಳಿಗೆ ಕಟ್ಟಿದ ಟೇಪು

ತಂಬ್ರಹಳ್ಳಿ ಕಡೆ ಅಣೆಕಟ್ಟಿನ ಹಿನ್ನೀರು ಇಳಿದ ಹಾಗೆಲ್ಲ ನಾವು ಆ ಹಸಿ ಮಣ್ಣಿಗೆ ಕಡಲೆ ಬಿತ್ತುತ್ತೇವೆ. ಅದರ ಚಿಗುರಿಗೆ ಹಿಮಾಲಯದಾಚೆಯಿಂದ ಪಾಲುದಾರರು ಬರುತ್ತಾರೆ: ತಲೆಯ ಮೇಲೆ ಎರಡು ಕಪ್ಪು ಪಟ್ಟಿ ಇರುವ ಹೆಬ್ಬಾತುಗಳು. ಶಿವರಾತ್ರಿ ಹೊತ್ತಿಗೆ ಊರಿಗೆ ಹೊರಡುವ ಅವಸರ, ಹೊಟ್ಟೆ ಬಿರಿಯೆ ಮೇಯುತ್ತವೆ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತ. ಬೆಳಿಗ್ಗೆ ಅವುಗಳನ್ನು ಕಣ್ತುಂಬ ನೋಡುವವನೂ ನಾನೇ, ಬೈಯುವವನೂ ನಾನೇ.

ಅವುಗಳನ್ನು ಬೆದರಿಸಲು ಹಳೇ ಕ್ಯಾಸೆಟ್ಟಿನ ಟೇಪು ಎಳೆದು ಗೂಟದಿಂದ ಗೂಟಕ್ಕೆ ಬಿಗಿಯುತ್ತಾರೆ. ಗಾಳಿಗೆ ಅದು ಗುಂಯ್ ಎನ್ನುತ್ತದೆ. ಹೋದ ವರ್ಷ ನಾನೂ ಅಟ್ಟದ ಡಬ್ಬಿ ಇಳಿಸಿ, ಸಿನಿಮಾ ಹಾಡಿನ ಕ್ಯಾಸೆಟ್ಟುಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಭಾರೀ ಜಾಣತನ ಮಾಡಿದೆನೆಂದು ಬೀಗಿದ್ದೂ ಉಂಟು.

ಅದೇ ಶಿವರಾತ್ರಿಗೆ ಕೊಟ್ಟೂರಿನಿಂದ ಬಂದ ಅಕ್ಕ ಆ ಡಬ್ಬಿ ಕೇಳಿದಳು. ಮದುವೆಗೆ ಮುಂಚೆ ಅವಳು ಒಂದು ಸಿನಿಮಾ ಕ್ಯಾಸೆಟ್ಟಿನ ಮೇಲೆಯೇ ಅವ್ವನ ಬೀಸುವ ಹಾಡು ತುಂಬಿಸಿದ್ದಳಂತೆ. ಮೇಲಿನ ಚೀಟಿ ಬದಲಿಸಿರಲಿಲ್ಲ. ಅವ್ವ ತೀರಿಕೊಂಡು ಒಂಬತ್ತು ವರ್ಷ. ಅವಳ ದನಿ ಬೇರೆಲ್ಲೂ ಇಲ್ಲ. ಅದನ್ನು ಮೊಬೈಲಿಗೆ ಹಾಕಿಸಿಕೊಳ್ಳಬೇಕೆಂದೇ ಅಕ್ಕ ಬಂದಿದ್ದಳು. ಸುಳ್ಳು ಹೇಳಬೇಕೆನಿಸಿತು, ಹೇಳಲಾಗಲಿಲ್ಲ. ಅವಳನ್ನು ಹೊಲಕ್ಕೆ ಕರೆದೊಯ್ದೆ.

ಟೇಪು ಬಿಸಿಲಿಗೆ ಬಿಳಿಚಿ, ಅಲ್ಲಲ್ಲಿ ತುಂಡಾಗಿ, ಯಾವುದು ಯಾವುದರದೆಂದು ತಿಳಿಯುವಂತಿರಲಿಲ್ಲ. ಅದರ ಬುಡದಲ್ಲೇ ಇಪ್ಪತ್ತು ಮೂವತ್ತು ಹೆಬ್ಬಾತುಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ಅಕ್ಕ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇದಕ್ಕ ಅವು ಅಂಜ್ಯಾವೇನು?" ಎಂದು ಕೇಳಿದಳು.

ಮೊದಲೆರಡು ದಿನ ಹತ್ತಿರ ಸುಳಿಯಲಿಲ್ಲ, ಆಮೇಲೆ ಕ್ಯಾರೇ ಅನ್ನುತ್ತಿಲ್ಲ ಎಂದೆ.

"ಮತ್ತ? ಅವ್ವನ ದನಿಗಿ ಯಾರು ಅಂಜ್ತಾರ, ಲೇ."

ಸೆರಗನ್ನು ಬಾಯಿಗಿಟ್ಟುಕೊಂಡು ಅವಳು ಬದುವಿನ ಮೇಲೆ ಕುಳಿತುಬಿಟ್ಟಳು. ಹಕ್ಕಿಗಳು ಮೇದು ಮುಗಿಸುವ ತನಕ ನಾವಿಬ್ಬರೂ ಅವನ್ನು ಎಬ್ಬಿಸಲಿಲ್ಲ.

ನಾಲ್ಕು ದಿನಕ್ಕೆ ಹಿಂಡು ಬಡಗಣ ದಿಕ್ಕಿಗೆ ಹೋಯಿತು. ಉಳಿದ ಕಡಲೆಯನ್ನು ಕಿತ್ತೆವು. ಟೇಪು ಬಿಚ್ಚಲು ಮೂರು ಸಲ ಹೋದೆ. ಕೈ ಹಾಕುವಷ್ಟರಲ್ಲಿ ಗಾಳಿ ಏಳುತ್ತಿತ್ತು, ಅದು ಗುಂಯ್ ಎನ್ನುತ್ತಿತ್ತು, ನಾನು ಹಿಂದಕ್ಕೆ ಓಡಿ ಬಂದುಬಿಡುತ್ತಿದ್ದೆ.

ಶ್ರಾವಣಕ್ಕೆ ಹಿನ್ನೀರು ಮತ್ತೆ ಏರಿತು. ಗೂಟಗಳು ಒಂದೊಂದಾಗಿ ಮುಳುಗುತ್ತಿದ್ದವು. ಅವತ್ತು ಆಫೀಸಿಗೆ ರಜೆ ಹಾಕಿ ದಂಡೆಗೆ ಹೋದೆ. ಕಡೆಯ ಗೂಟದ ಮೇಲೆ ನೀರು ಬರುವವರೆಗೂ ಟೇಪು ದನಿ ಮಾಡುತ್ತಲೇ ಇತ್ತು. ಈ ಸಲ ನಾನು ಓಡಲಿಲ್ಲ, ನಿಂತು ಪೂರ್ತಿ ಕೇಳಿದೆ.