ಚಿಕ್ಕಪ್ಪನ ಗಡಿಯಾರದ ಪರೀಕ್ಷೆ

ಆ ಮಧ್ಯಾಹ್ನ ಕೂಡ್ಲಿಗಿಯ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ನಾವು ಮೂವರೇ ಇದ್ದೆವು. ಚಿಕ್ಕಮ್ಮ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಹರಪನಹಳ್ಳಿಗೆ ಕೊಟ್ಟ ಅವಳ ಮಗಳು, ನನಗೆ ತಂಗಿ, ಸಿಗ್ನಲ್ ಸಿಗುವ ಬಾಗಿಲ ಬಳಿ ಮೊಬೈಲ್ ಹಿಡಿದು ಕೂತಿದ್ದಳು. ಉಂಡು ಎಲೆ ಅಡಿಕೆ ಹಾಕಿಕೊಂಡ ನಾನು ಇನ್ನೇನು ಏಳಬೇಕು, ತಂಗಿ ಗಟ್ಟಿಯಾಗಿ ಓದಿದಳು: ಗಡಿಯಾರ ಅಸಲಿಯಲ್ಲ, ಮಾರಾಟ ರದ್ದು.

ಅದು ತೀರಿಹೋದ ಚಿಕ್ಕಪ್ಪನ ಗಡಿಯಾರ. ಗಣಿಗಳು ಭರಾಟೆಯಲ್ಲಿದ್ದ ಕಾಲದಲ್ಲಿ ಅವನು ಸಂಡೂರು ಕಡೆ ಒಂದು ಗಣಿಯಲ್ಲಿ ಲಾರಿಗಳ ಉಸ್ತುವಾರಿ ನೋಡುತ್ತಿದ್ದ. ಒಂದು ದೀಪಾವಳಿಗೆ ಗಣಿಯ ಸಾಹುಕಾರರು ತಮ್ಮ ಕೈಯದನ್ನೇ ಬಿಚ್ಚಿ ಅವನ ಕೈಗೆ ಕಟ್ಟಿದ್ದರು. ಫಾರಿನ್ನಿನದು, ಭಾರಿ ಬೆಲೆಯದು ಎಂದು ಓಣಿಗೆಲ್ಲ ಗೊತ್ತಿತ್ತು. ಅದನ್ನು ಮಾರಿ ಎಂಬ್ರಾಯ್ಡರಿ ಮಷಿನ್ ಕೊಳ್ಳಬೇಕೆಂದು ತಂಗಿ ಆನ್‌ಲೈನಿನಲ್ಲಿ ಇಂಥವನ್ನು ಮಾರಿಸಿಕೊಡುವ ಕಂಪನಿಯೊಂದಕ್ಕೆ ಕಳಿಸಿದ್ದಳು. ಗಿರಾಕಿಯೂ ಸಿಕ್ಕಿದ್ದ. ನಡುವೆ ಕಂಪನಿಯವರ ಪರೀಕ್ಷೆ ಒಂದು ಬಾಕಿ ಇತ್ತು.

“ಖೊಟ್ಟಿ ಅಂತಾರಾ? ಯಾರಿಗೆ?” ಎಂದಳು ಚಿಕ್ಕಮ್ಮ.

“ವಾಚಿಗೆ ಅಂದಾರವ್ವಾ, ನಿನಗಲ್ಲ.”

“ನಿಮ್ಮಪ್ಪಗ ಅಂದಂಗ ಆತಲ್ಲಲೇ.”

ತಂಗಿ ಮುಂದೆ ಓದಿ ದನಿ ಇಳಿಸಿದಳು. “ಖೊಟ್ಟಿ ಮಾಲು ವಾಪಸ್ ಕಳಸಂಗಿಲ್ಲಂತ. ಅವ್ರೇ ಇಟ್ಕಂತಾರಂತ.”

ಚಿಕ್ಕಮ್ಮ ಶೇಂಗಾದ ಮೊರವನ್ನು ಪಕ್ಕಕ್ಕೆ ತಳ್ಳಿದಳು.

ನಾನು ಕಂಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ಕಡೆಯ ಹುಡುಗಿ ಮೆತ್ತಗೇ ಹೇಳಿದಳು: “ಸಾರ್, ವಾಚಿನ ಹಿಂದೆ ಇರಬೇಕಾದ ನಂಬರ್ ಉಜ್ಜಿ ಅಳಿಸಿದ್ದಾರೆ, ಮೇಲೆ ಏನೋ ಕೆತ್ತಿದ್ದಾರೆ. ನಕಲಿ ಮಾಲು ಹೀಗೇ ಬರೋದು.”

ಚಿಕ್ಕಮ್ಮ ಫೋನ್ ಕಸಿದುಕೊಂಡಳು. “ಏನೋ ಅಲ್ಲವ್ವಾ ಅದು, ನನ್ನ ಗಂಡನ ಹೆಸರು! ಕೊಟ್ಟೂರಾಗ ಪಾತ್ರಿ ಅಂಗಡ್ಯಾಗ ನಾನೇ ಹಾಕಿಸೀನಿ. ನಂಬರು ಅಡ್ಡ ಬಂತು, ಉಜ್ಜಿ ತೆಗಿಯಪ್ಪಾ ಅಂದ್ನಿ.”

ನಮ್ಮ ಕಡೆ ಮನೆಗೆ ಬಂದ ಕೊಡಕ್ಕೆ, ತಟ್ಟೆಗೆ, ತಂಬಿಗೆಗೆ ಹೆಸರು ಹಾಕಿಸದೆ ಬಿಡುವುದಿಲ್ಲ. ಮದುವೆಮನೆಗೆ ಒಯ್ದಾಗ ಪರರ ಪಾತ್ರೆಗಳ ಜೊತೆ ಬೆರೆಯಬಾರದಲ್ಲ. ಗಣಿಯ ಶೆಡ್ಡಿನಲ್ಲಿ ಗಂಡ ಸ್ನಾನಕ್ಕೆ ಹೋಗುವಾಗ ಗಡಿಯಾರ ಬಿಚ್ಚಿಡುತ್ತಾನೆ, ಬೇರೆಯವರದರ ಜೊತೆ ಅದಲುಬದಲಾದೀತು ಎಂದು ಚಿಕ್ಕಮ್ಮ ಅದಕ್ಕೂ ಹಾಕಿಸಿದ್ದಳು.

ಹುಡುಗಿ ಅಂದಳು: “ಅಮ್ಮಾ, ನಂಬರ್ ಇಲ್ದೆ ಅಸಲಿ ಅನ್ನೋಕೆ ನಮಗೆ ಬರಲ್ಲ.”

“ಅನಬ್ಯಾಡ್ರಿ. ನಂದು ನನಗ ಕಳಿಸ್ರಿ, ಸಾಕು.”

ಫೋನ್ ಇಟ್ಟ ಮೇಲೆ ತಂಗಿ ಕೇಳಬಾರದ್ದನ್ನು ಕೇಳಿದಳು. “ಸಾವ್ಕಾರ್ರೇ ಖೊಟ್ಟಿದು ಕೊಟ್ಟಿದ್ರೆ? ಅಪ್ಪಗೇನು ಗೊತ್ತಾಗತಿತ್ತು?”

“ಬಾಯಿ ಮುಚ್ಚು,” ಎಂದಳು ಚಿಕ್ಕಮ್ಮ. “ಅದನ್ನ ಕೈಗೆ ಕಟ್ಟಿಗೆಂಡೇ ನಿನ್ನ ಮದುವ್ಯಾಗ ಬಂದೋರ್ನ ಒಳಗ ಕರದಾನ ಅವ.”

ತಂಗಿಯ ಮದುವೆಯ ಆಲ್ಬಮ್ಮಿನಿಂದ ಚಿಕ್ಕಪ್ಪ ಕೈ ಮುಗಿದು ನಿಂತ ಫೋಟೋ ಹುಡುಕಿ ಕಂಪನಿಗೆ ಕಳಿಸಿದೆವು. ಮಣಿಕಟ್ಟಿನ ಮೇಲೆ ಗಡಿಯಾರ ಸ್ಪಷ್ಟವಾಗಿತ್ತು. ಒಮ್ಮೆ ಒಬ್ಬರು, ಇನ್ನೊಮ್ಮೆ ಇನ್ನೊಬ್ಬರು ಉತ್ತರ ಬರೆದರು; ಪ್ರತಿಯೊಬ್ಬರಿಗೂ ಪಾತ್ರೆ ಅಂಗಡಿಯ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅಷ್ಟು ದಿನವೂ ಚಿಕ್ಕಮ್ಮ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ, ಅಸಲಿಯೋ ನಕಲಿಯೋ ನಿರ್ಧರಿಸಲಾಗದು ಎಂದು ಬರೆದು ಗಡಿಯಾರವನ್ನು ವಾಪಸ್ ಕಳಿಸಿದರು.

“ಅವ್ರು ವಾಚಿನ ಮುಚ್ಚಳ ತಗದಿಲ್ಲಂತ, ಒಳಗ ಮಷಿನ್ನಿನ ಮ್ಯಾಲೂ ಗುರುತು ಇರತೈತಂತಣ್ಣ,” ಎಂದಳು ತಂಗಿ ನನಗೆ. “ಮುಚ್ಚಳ ತಗಿಸಿ ನೋಡಿದ್ರ ಮುಗೀತು. ಅಸಲಿ ಆದ್ರ ಬ್ಯಾರೆ ಕಡಿ ಮಾರಬೌದು.” ಚಿಕ್ಕಮ್ಮ ಗಡಿಯಾರವನ್ನು ಸೆರಗಿನಿಂದ ಒರೆಸುತ್ತ ಕೂತಳು.

ಮುಂದಿನ ವಾರ ಮೂವರೂ ಹೊಸಪೇಟೆಗೆ ಹೋದೆವು. ಗಡಿಯಾರದ ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳದ ಅಂಚಿಗೆ ಚೂಪು ಮೊನೆ ಇಟ್ಟ. ಚಿಕ್ಕಮ್ಮ ಅವನ ಕೈ ಮೇಲೆ ಕೈ ಇಟ್ಟಳು. “ಬ್ಯಾಡಪ್ಪಾ, ಒಳಗ ನೋಡಬ್ಯಾಡ. ಬೆಲ್ಟು ಹರದೈತಿ, ಅದೊಂದು ಹಾಕಿಕೊಡು.”

ತಂಗಿ ಮೆಟ್ಟಿಲಿಳಿದು ರಸ್ತೆಗೆ ಹೋದಳು. ಅವಳಿಗೆ ಹರಪನಹಳ್ಳಿಯ ಬಸ್ಸು ಮೊದಲು ಬಂತು. ಕಿಟಕಿಯ ಪಕ್ಕವೇ ಕೂತಳು, ನಮ್ಮ ಕಡೆ ತಿರುಗಲಿಲ್ಲ.