ಗಾಜಕ್ಕನ ಹಿಡಿಯಳತೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಚ್ಚಲಿನ ಪಕ್ಕದ ಕಿರಿದಾದ ಹಿತ್ತಲಲ್ಲಿ ಗಾಜಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುರುಕು ಮೇಜಿನ ಕಾಲಿಗೆ ಸೈಕಲ್ ಟ್ಯೂಬಿನಿಂದ ಬಿಗಿದ ಮರದ ತುಂಡನ್ನು ಒಡೆದ ಕಿಟಕಿಗಾಜಿನ ಚೂರಿನಿಂದ ಹೆರೆಯುತ್ತಿದ್ದಾರೆ. ಈರುಳ್ಳಿ ಸಿಪ್ಪೆಯಂಥ ತೆಳುವಾದ ಪೊರೆಗಳು ಪಾದದ ಮೇಲೆ ಉದುರುತ್ತವೆ. ಒಂದಿಷ್ಟು ಹೆರೆಯುತ್ತಾರೆ, ಎಡಗೈಯಲ್ಲಿ ಹಿಡಿದು ನೋಡುತ್ತಾರೆ, ಇವತ್ತು ಯಾಕೋ ಅರ್ಧಕ್ಕೇ ನಿಲ್ಲಿಸುತ್ತಾರೆ.

ಗಿಟಾರ್ ನುಡಿಸುವವರ ಎಡಗೈ ಓಡಾಡುವ ಉದ್ದನೆಯ ಭಾಗ ಇದು. ಈ ಮನೆಯಲ್ಲಿ ಅದಕ್ಕೆ ಕತ್ತು ಎಂದೇ ಹೆಸರು. ಹಳೆಯ ಬಾಗಿಲ ಚೌಕಟ್ಟಿನ ಮರ ಕತ್ತಾಗಲು ಒಂದು ವಾರ ಹಿಡಿಯುತ್ತದೆ. ಸಾಮಾನು ಎಂದರೆ ಒಂದು ಗರಗಸ, ಒಂದು ಉಳಿ, ಹಲ್ಲು ಸವೆದ ಅರ. ಉಳಿದದ್ದೆಲ್ಲ ಗಾಜು. ಬೀದಿಯಲ್ಲಿ ಯಾರ ಮನೆಯ ಕಿಟಕಿ ಒಡೆದರೂ ಮೊದಲು ಮಕ್ಕಳಿಗೆ ಬೈಗುಳ, ಆಮೇಲೆ ಗಾಜಕ್ಕನಿಗೆ ಬುಲಾವು.

ಮುಂದಿನ ಕೋಣೆ ಗಾಜಕ್ಕನ ಅಣ್ಣನದು. ಕತ್ತಿಗೆ ಗಿಟಾರಿನ ಟೊಳ್ಳು ಡಬ್ಬ ಜೋಡಿಸಿ, ತಂತಿ ಕಟ್ಟಿ, ಶ್ರುತಿ ಮಾಡಿ ಮಾರುವವರು ಅವರು. "ಎಲ್ಲ ನೀವೇ ಮಾಡ್ತೀರಾ?" ಎಂದು ಗಿರಾಕಿಗಳು ಕೇಳಿದರೆ ಅಣ್ಣ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಸುಮ್ಮನೆ ಕೆಮ್ಮುತ್ತಾರೆ. ಆ ಕೆಮ್ಮು ಹಿತ್ತಲಿಗೂ ಕೇಳುತ್ತದೆ. "ಗಾಜಲ್ಲಿ ಕೆರೀತೀನಿ ಅಂತ ಗೊತ್ತಾದ್ರೆ ಯಾರು ತಗೋತಾರೆ? ಹೇಳ್ಕೊಳ್ಳೋಕೆ ನಂಗೇ ನಾಚಿಕೆ," ಎನ್ನುತ್ತಾರೆ ಗಾಜಕ್ಕ, ಪತ್ರಿಕೆಗೆ ಬರೆಯಲು ಬಂದ ನನ್ನೊಡನೆ.

ಆದರೆ ಹೋದ ತಿಂಗಳಿನ ನಾಚಿಕೆಯೇ ಬೇರೆ. ಲಾರಿ ಓಡಿಸುವವರೊಬ್ಬರು ಆಸೆಪಟ್ಟು ಮಾಡಿಸಿಕೊಂಡ ಗಿಟಾರನ್ನು ವಾಪಸು ತಂದರು. ಮೊರದಗಲದ ಕೈ ಅವರದು. "ಯಜಮಾನ್ರೇ, ಪೊರಕೆ ಕಡ್ಡಿ ಹಿಡಿದಂಗಾಗುತ್ತೆ. ಒಂದು ತಂತಿ ಒತ್ತಿದ್ರೆ ಪಕ್ಕದ್ದೂ ಒತ್ತುತ್ತೆ. ಇದೇನು ಮಕ್ಕಳಾಟದ್ದಾ?" ಅಂಗಡಿಯಲ್ಲಿದ್ದವರು ನಕ್ಕರು. "ಕೆಲಸದವರು ಕೆಡಿಸಿದಾರೆ," ಎಂದುಬಿಟ್ಟರು ಅಣ್ಣ.

ಗೋಡೆಯಾಚೆ ಗಾಜಕ್ಕ ತಮ್ಮ ಕೈ ನೋಡಿಕೊಂಡರು. ಪುಟ್ಟ ಕೈ. ಅಳೆಯುವ ಸಲಕರಣೆ ಇಲ್ಲದ್ದಕ್ಕೆ, ತಮ್ಮ ಹಿಡಿಗೆ ಕೂತರೆ ಸರಿ ಎಂದುಕೊಂಡು ಇಷ್ಟು ವರ್ಷ ಹೆರೆದಿದ್ದರು. ಬೇರೆಯವರ ಹಿಡಿ ಬೇರೆ ಎಂಬುದು ಹೊಳೆದೇ ಇರಲಿಲ್ಲ. "ಎಲ್ಲರಿಗೂ ನನ್ನ ಚಪ್ಪಲಿ ತೊಡಿಸಿ ನಡೀರಿ ಅಂದಂಗಾಯ್ತಲ್ಲ! ಎಷ್ಟು ಜನ ಸಂಕೋಚಕ್ಕೆ ಹೇಳದೆ ಕೈ ನೋಯಿಸ್ಕೊಂಡ್ರೋ. ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು."

ಅಣ್ಣನ ಕೈಯನ್ನಾದರೂ ಅಳತೆಗೆ ಇಟ್ಟುಕೊಳ್ಳೋಣವೆಂದರೆ ಅದೂ ಅಪ್ಪನಿಂದ ಬಂದ ಪುಟ್ಟ ಕೈಯೇ. ಅದಕ್ಕೇ ಗಾಜಕ್ಕ ಹೊಸ ಕತ್ತನ್ನು ಬೇಕೆಂದೇ ದಪ್ಪ ಉಳಿಸಿದ್ದಾರೆ. ಲಾರಿಯವರ ಕೈಗೇ ಕೊಟ್ಟು, ಅವರೆದುರೇ ಹೆರೆಯಬೇಕು. ಅವರು ಬರುವುದು ಇವತ್ತೇ. ಈ ಸಲವೂ ಕೂರದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದಾರೆ. ಗಿರಾಕಿಯಿದ್ದಾಗ ಗಾಜಕ್ಕ ಮುಂದಿನ ಕೋಣೆಗೆ ಕಾಲಿಟ್ಟವರಲ್ಲ.

ಬಿಸಿಲೇರುವ ಹೊತ್ತಿಗೆ ಬಾಗಿಲಲ್ಲಿ ಲಾರಿಯವರ ದನಿ ಕೇಳಿಸುತ್ತದೆ. ಹಿಂದೆಯೇ ಅಣ್ಣನ ಕೆಮ್ಮು. ಗಾಜಕ್ಕ ಟ್ಯೂಬು ಬಿಚ್ಚಿ ಕತ್ತನ್ನು ಎತ್ತಿಕೊಳ್ಳುತ್ತಾರೆ. ಕೆಮ್ಮು ನಿಲ್ಲುತ್ತದೆ.

"ಕತ್ತು ಮಾಡೋದು ನಾನಲ್ಲ ಸ್ವಾಮಿ, ನನ್ನ ತಂಗಿ. ಅವತ್ತು ಕೆಲಸದವರು ಅಂದೆ. ಹಾಗನ್ನಬಾರದಿತ್ತು." ಒಳಗೆ ತಿರುಗಿದ ಅಣ್ಣನ ಕಿವಿ ಕೆಂಪಗಾಗಿದೆ. "ಬಾಮ್ಮಾ."

ಗಾಜಕ್ಕ ತಲೆ ತಗ್ಗಿಸಿಕೊಂಡೇ ಬರುತ್ತಾರೆ. ಗಾಯದ ಗೆರೆಗಳಿರುವ ಬೆರಳು ಕಾಣದಂತೆ ಕೈಗೆ ಒರೆಸುವ ಬಟ್ಟೆ ಸುತ್ತಿಕೊಂಡಿದ್ದಾರೆ.

"ನಿಮ್ಮ ಎಡಗೈ ಕೊಡ್ತೀರಾ?"

ಲಾರಿಯವರು ಕೈಯನ್ನು ಪ್ಯಾಂಟಿಗೆ ಒರೆಸಿದ್ದೇ ಒರೆಸಿದ್ದು. "ಗ್ರೀಸಾಗಿದೆ ಅಕ್ಕ. ನಿಮ್ಮ ಮುಂದೆ ಚಾಚೋಕೆ ಮುಜುಗರ."

ಗಾಜಕ್ಕ ಬಟ್ಟೆ ಬಿಚ್ಚುತ್ತಾರೆ. ಗಾಜು ಹೊರಬರುತ್ತದೆ. ಅವರು ಹಿಡಿಯುತ್ತಾರೆ, ಇವರು ಹೆರೆಯುತ್ತಾರೆ. ಸಾಕಾ? ಇನ್ನೊಂದು ಚೂರು. ಈಗ? ಲಾರಿಯವರು ಕತ್ತಿನುದ್ದಕ್ಕೂ ಕೈ ಆಡಿಸುತ್ತಾರೆ, ವಾಪಸು ಕೊಡುವುದಿಲ್ಲ.

ಪತ್ರಿಕೆಯಲ್ಲಿ ಏನು ಬರೆಯಬೇಕೆಂದು ಕೇಳಿದರೆ ಗಾಜಕ್ಕ ಸೀರೆಗಂಟಿದ ಮರದ ಪುಡಿ ಕೊಡವುತ್ತಾರೆ.

"ಹಳೇ ಗಿರಾಕಿಗಳೆಲ್ಲ ಒಂದ್ಸಲ ಬಂದು ಕೈ ತೋರಿಸಿ ಹೋಗ್ಲಿ ಅಂತ ಬರೀರಿ. ಹೆರೆದದ್ದನ್ನ ಮತ್ತೆ ಅಂಟ್ಸೋಕಾಗಲ್ಲ, ಹೊಸದೇ ಮಾಡ್ಕೊಡ್ತೀನಿ. ಹಿತ್ತಲಿಗೆ ಬರೋದು ಬೇಡ. ಮುಂದಿನ ಕೋಣೇಲೇ ಕೂತಿರ್ತೀನಿ."