ಬಾಣಂತಿ ಕೂದಲು

ಕುವೈತಿನಲ್ಲಿ ನಮ್ಮ ಕಡೆಯವರ ಕೂದಲು ಉದುರಿದರೆ ತಪ್ಪು ನೀರಿನದೇ. ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿಗೆ ಯಾರೇ ಬಂದರೂ ನನ್ನ ಬೈತಲೆ ನೋಡಿ ನಲ್ಲಿಯನ್ನು ಬೈಯುತ್ತಿದ್ದರು. "ಸಮುದ್ರದ ನೀರು ಕಾಸಿ ಉಪ್ಪು ತಗದು ಕೊಡ್ತಾರ. ಕೂದಲರೆ ಹೆಂಗ ಉಳೀತಾವ?" ಎಂದು ನನ್ನ ಗಂಡ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ತಂದರು. ಆ ನೀರನ್ನು ಗ್ಯಾಸಿನ ಮೇಲೆ ಕಾಯಿಸಿ ತಲೆಗೆ ಹಾಕಿಕೊಳ್ಳುವ ಮಹಾರಾಣಿ ನಾನಾದೆ. ಆದರೂ ಪ್ರತಿ ಸಲ ಹಿಡಿ ಹಿಡಿ ಕೂದಲು ಕೈಗೆ ಬರುತ್ತಿತ್ತು.

ನೀರನ್ನು ದೂರುವುದು ಇಬ್ಬರಿಗೂ ಅನುಕೂಲವಾಗಿತ್ತು, ಅಷ್ಟೇ. ಮೂರು ತಿಂಗಳ ಹಿಂದೆ, ನನಗೆ ಏಳು ತಿಂಗಳಾಗಿದ್ದಾಗ, ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆ ಮಾತನ್ನು ಮನೆಯಲ್ಲಿ ಎತ್ತುವುದಿಲ್ಲವೆಂದು ತೀರ್ಮಾನಿಸಿ ಒಳಕೋಣೆಯ ಬಾಗಿಲು ಹಾಕಿದ್ದೆವು. ಒಂದು ಮಧ್ಯಾಹ್ನ ತೆರೆದರೆ, ತೊಟ್ಟಿಲು ಇಡಬೇಕಿದ್ದ ಮೂಲೆಯಲ್ಲಿ ನನ್ನ ಕೂದಲು ಸುತ್ತಿಕೊಂಡು ಬಿದ್ದಿತ್ತು. ನಾನಾಗಲಿ ಅವರಾಗಲಿ ಅಲ್ಲಿ ಕಾಲಿಟ್ಟಿರಲಿಲ್ಲ. ಏಸಿ ಗಾಳಿಗೆ ಬಾಗಿಲ ಸಂದಿಯಿಂದ ಹೋಗಿರಬೇಕು ಎಂದುಕೊಂಡೆ. ಬಾಗಿಲು ಮತ್ತೆ ಹಾಕಿದೆ.

ಕೊನೆಗೆ ಕೂದಲು ತೋರಿಸಲು ಹೋದಾಗ ಡಾಕ್ಟರಮ್ಮ ನನ್ನ ನೀರಿನ ಪುರಾಣ ಕೇಳಿ ನಕ್ಕರು. ಹೆರಿಗೆ ಯಾವಾಗ ಆಯಿತು ಎಂದರು. ಹೇಳಿದೆ. ನಗು ನಿಂತಿತು. ಬಸುರಿನಲ್ಲಿ ಏರುವ ಹಾರ್ಮೋನು, ಉದುರಬೇಕಾದ ಕೂದಲನ್ನೂ ಹಿಡಿದಿಟ್ಟುಕೊಳ್ಳುತ್ತದಂತೆ. ಹೆರಿಗೆಯಾದ ಮೇಲೆ ಅದು ಇಳಿದು, ಎರಡು ಮೂರು ತಿಂಗಳಿಗೆ ಅಷ್ಟೂ ಒಟ್ಟಿಗೆ ಉದುರುತ್ತದೆ. ಆಮೇಲೆ ಮತ್ತೆ ಬರುತ್ತದೆ. ಮಗು ಇದೆಯೋ ಇಲ್ಲವೋ ಹಾರ್ಮೋನಿಗೆ ಗೊತ್ತಾಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ನನಗೆ ಹೆದರಿಕೆಯಾಯಿತು. ನನ್ನನ್ನು ಕೇಳದೆಯೇ ನನ್ನ ಮೈ ಬಾಣಂತನ ಮಾಡಿಕೊಳ್ಳುತ್ತಿತ್ತು.

ಅದೇ ವಾರ, ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದಿದ್ದ ಮಂಗಳೂರಿನ ಕಡೆಯ ಬ್ಯಾರಿ ಹೆಂಗಸು ಪರಿಚಯ ಮಾಡಿಕೊಳ್ಳಲು ಬಂದಳು. ನನ್ನ ಹಣೆಯಂಚು ನೋಡಿದ್ದೇ ತಡ, "ಇದು ಬಾಣಂತಿ ಕೂದಲಲ್ವಾ ಅಕ್ಕಾ? ನನ್ನ ಮಗಳಿಗೆ ಮೂರು ತಿಂಗಳಾಗುವಾಗ ನಂಗೂ ಹೀಗೇ ಆಗಿತ್ತು. ಮಗು ಎಲ್ಲುಂಟು? ಮಲಗಿದ್ಯಾ?" ಎಂದಳು.

"ಹ್ಞೂಂ ರೀ, ಈಗಷ್ಟ ಮಲಗೇತಿ" ಅಂದುಬಿಟ್ಟೆ.

ಅವಳು ದನಿ ತಗ್ಗಿಸಿದಳು. "ಹಾಗಾದ್ರೆ ಏಳಿಸುದು ಬೇಡ. ಇನ್ನೊಮ್ಮೆ ಬಂದು ನೋಡ್ತೇನೆ" ಎಂದು ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದಳು. ನನಗೆ ನಾಚಿಕೆಯಾಗಬೇಕಿತ್ತು. ಎಷ್ಟೋ ದಿನಗಳ ಮೇಲೆ ಸುಖವೆನಿಸಿತು.

ಸಂಜೆ ಗಂಡ ಬಂದು ಟೀವಿ ಹಚ್ಚಿದರು. "ಸೌಂಡ್ ಸ್ವಲ್ಪ ಕಡಿಮಿ ಮಾಡ್ರಿ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಯಾಕೆಂದು ಕೇಳಲಿಲ್ಲ, ಕಡಿಮೆ ಮಾಡಿದರು.